ಹವಳದ ಟ್ಯಾಂಕಿಗೆ ಯಾವ ದೀಪ? ಮೊದಲು ನೆರಳು ನೋಡಿ

ಅಕ್ರೊಪೊರಾ ಹವಳದ ಒಂದು ಕವಲನ್ನು ಗಾಜಿಗೆ ಮೂಗು ತಾಗಿಸಿ ಕೆಳಗಿನಿಂದ ನೋಡಿ. ಮೇಲ್ಬದಿಯಲ್ಲಿ ಬಣ್ಣ ತುಂಬಿದೆ, ಪಾಲಿಪ್‌ಗಳು (ಹವಳದ ಪುಟ್ಟ ಜೀವಿಗಳು) ಸಣ್ಣ ಕೂದಲಿನಂತೆ ಹೊರಗೆ ಚಾಚಿವೆ. ಪೆನ್ಸಿಲ್ ದಪ್ಪದ ಅದೇ ಕವಲಿನ ಅಡಿಬದಿ ಮಾತ್ರ ಮಾಸಲು ಕಂದು. ಬುಡದ ಕಡೆ ಹೋದಂತೆ ಮಾಂಸ ಹಿಂದೆ ಸರಿದು ಬಿಳಿ ಅಸ್ಥಿ ಬಯಲಾಗಿದೆ. ಬೆಳಕಿನ ಮೀಟರನ್ನು ಕವಲಿನ ಮೇಲೆ ಹಿಡಿದರೆ 300 ತೋರಿಸುತ್ತದೆ, ಅದರ ನೆರಳಿಗೆ ಇಳಿಸಿದರೆ 40. ಟ್ಯಾಂಕಿನ ಮಾಲೀಕರು ನೀರು ಪರೀಕ್ಷಿಸುತ್ತಾರೆ, ಉಪ್ಪು ಬದಲಿಸುತ್ತಾರೆ, ಔಷಧಿ ಹಾಕುತ್ತಾರೆ. ತಪ್ಪು ಇರುವುದು ತಲೆಯ ಮೇಲೆ, ದೀಪ ಬೆಳಕು ಚೆಲ್ಲುವ ರೀತಿಯಲ್ಲಿ.

ಮೆಟಲ್ ಹ್ಯಾಲೈಡ್ (ಬೀದಿದೀಪದಂಥ ಪ್ರಖರ ಬಲ್ಬ್), ಟಿ5 ಟ್ಯೂಬ್ (ತೆಳ್ಳನೆಯ ಟ್ಯೂಬ್‌ಲೈಟ್), ಎಲ್‌ಇಡಿ ಮೂರರಲ್ಲಿ ಯಾವುದು ಒಳ್ಳೆಯದು ಎಂಬ ಚರ್ಚೆ ಸಾಮಾನ್ಯವಾಗಿ ವ್ಯಾಟ್ ಮತ್ತು ಬಣ್ಣದ ಸುತ್ತಲೇ ಗಿರಕಿ ಹೊಡೆಯುತ್ತದೆ. ಮೂರರಲ್ಲೂ ಹವಳ ಬೆಳೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಬೆಳಕು ಎಷ್ಟು ದೊಡ್ಡ ಮೈಯಿಂದ, ಎಷ್ಟು ದಿಕ್ಕಿನಿಂದ ಬಂದು ಹವಳದ ಮೇಲೆ ಬೀಳುತ್ತದೆ ಎಂಬುದೇ ನಿಜವಾದ ವ್ಯತ್ಯಾಸ. ಉಳಿದದ್ದೆಲ್ಲ ಅದರ ನಂತರ.

ಹವಳಕ್ಕೆ ಬೇಕಾದ ಬೆಳಕು

ಹವಳದ ಅಂಗಾಂಶದೊಳಗೆ ಝೂಕ್ಸಾಂತೆಲ್ಲೆ ಎಂಬ ಏಕಕೋಶ ಪಾಚಿ ವಾಸವಾಗಿದೆ. ದ್ಯುತಿಸಂಶ್ಲೇಷಣೆ ಮಾಡಿ ಹವಳಕ್ಕೆ ಅನ್ನ ಹಾಕುವುದು ಅದೇ. ಅದರ ಕ್ಲೋರೊಫಿಲ್-ಎ 430ರಿಂದ 440 ನ್ಯಾನೊಮೀಟರ್ ಸುತ್ತಮುತ್ತ, ಕ್ಲೋರೊಫಿಲ್-ಸಿ2 450-460ರ ಬಳಿ, ಪೆರಿಡಿನಿನ್ ಎಂಬ ವರ್ಣಕ 470ರಿಂದ 550ರವರೆಗೆ ಬೆಳಕು ಹೀರುತ್ತದೆ. ಕೆಂಪಿನಲ್ಲಿ 670ರ ಆಸುಪಾಸಿನಲ್ಲಿ ಇನ್ನೊಂದು ಸಣ್ಣ ಹಸಿವಿದೆ. ಸಮುದ್ರದ ನೀರು ಕೆಂಪನ್ನು ಮೇಲಿನ ಕೆಲವೇ ಮೀಟರ್‌ಗಳಲ್ಲಿ ನುಂಗಿಬಿಡುವುದರಿಂದ ಬಂಡೆಯ ಮೇಲಿನ ಹವಳ ನೀಲಿಯಲ್ಲೇ ಬದುಕಿ ರೂಢಿಯಾಗಿದೆ. ಹಾಗಾಗಿ ಹವಳದ ದೀಪಗಳೆಲ್ಲ ನೀಲಿ ಕಡೆಗೆ ವಾಲಿರುತ್ತವೆ.

ಅಳತೆಗೆ ಬಳಸುವುದು ಪಾರ್. 400ರಿಂದ 700 ನ್ಯಾನೊಮೀಟರ್ ನಡುವಿನ ಎಷ್ಟು ಫೋಟಾನ್‌ಗಳು ಒಂದು ಚದರ ಮೀಟರ್ ಮೇಲೆ ಒಂದು ಸೆಕೆಂಡಿಗೆ ಬೀಳುತ್ತವೆ ಎಂಬ ಲೆಕ್ಕ, ಮೈಕ್ರೊಮೋಲ್‌ಗಳಲ್ಲಿ. ನೆತ್ತಿಯ ಮೇಲಿನ ಬಿಸಿಲು ನೀರಿನ ಮೇಲ್ಮೈಗೆ ಸುಮಾರು 2000 ಕೊಡುತ್ತದೆ. ಟ್ಯಾಂಕಿನಲ್ಲಿ ಅಷ್ಟು ಬೇಕಿಲ್ಲ. ಮಶ್ರೂಮ್, ಲೆದರ್‌ನಂಥ ಮೆತ್ತನೆಯ ಹವಳಗಳಿಗೆ 50ರಿಂದ 100, ಯೂಫಿಲಿಯಾ, ಅಕಾನ್‌ನಂಥ ದೊಡ್ಡ ಪಾಲಿಪ್‌ನವಕ್ಕೆ 75ರಿಂದ 150, ಮಾಂಟಿಪೊರಾ, ಅಕ್ರೊಪೊರಾದಂಥ ಸಣ್ಣ ಪಾಲಿಪ್‌ನವಕ್ಕೆ 200ರಿಂದ 350 ಧಾರಾಳ. ಅದಕ್ಕಿಂತ ಮೇಲೆ ಹೋದಂತೆ ಪಾಚಿಗೆ ಬೆಳಕು ಜೀರ್ಣವಾಗುವುದಿಲ್ಲ. ಮಿಕ್ಕ ಶಕ್ತಿ ಜೀವಕೋಶವನ್ನೇ ಸುಡುವ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತದೆ, ಹವಳ ತನ್ನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ.

ಫೋನಿನ ಲಕ್ಸ್ ಆ್ಯಪ್ ನಂಬಿ ಹವಳ ಇಡಬೇಡಿ. ಲಕ್ಸ್ ಅಳೆಯುವುದು ಮನುಷ್ಯರ ಕಣ್ಣಿಗೆ ಕಾಣುವ ಪ್ರಖರತೆಯನ್ನು. 555 ನ್ಯಾನೊಮೀಟರ್ ಹಸಿರಿಗೆ ನೂರು ಅಂಕ ಕೊಡುವ ಅಳತೆ 450ರ ಕಡುನೀಲಿಗೆ ನಾಲ್ಕು ಅಂಕವನ್ನೂ ಸರಿಯಾಗಿ ಕೊಡುವುದಿಲ್ಲ. ನೀಲಿ ಎಲ್‌ಇಡಿ ಕೆಳಗೆ ಆ್ಯಪ್ ‘ಮಂದ ಬೆಳಕು’ ಎಂದು ಹೇಳುತ್ತಿರುವಾಗಲೇ ಹವಳ ಬೇಯುತ್ತಿರಬಹುದು. ಕಣ್ಣಿನ ಅಂದಾಜಿಗೂ ಇದೇ ಗತಿ. ಒಂದೇ ದೀಪದ ಕೆಳಗೆ ಈ ಮೂಲೆಗಿಂತ ಆ ಮೂಲೆ ಎಷ್ಟು ಮಂದ ಎಂದು ಹೋಲಿಸಲು ಮಾತ್ರ ಆ್ಯಪ್ ಅಲ್ಪಸ್ವಲ್ಪ ಉಪಯೋಗಕ್ಕೆ ಬಂದೀತು.

ಮೆಟಲ್ ಹ್ಯಾಲೈಡ್

ಹಳೆಯ ಯಜಮಾನ. 150, 250, 400 ವ್ಯಾಟ್‌ಗಳಲ್ಲಿ ಬರುತ್ತದೆ. ಒಂದೇ ತುದಿಯಲ್ಲಿ ದೊಡ್ಡ ಸ್ಕ್ರೂ ಇರುವ ಮೊಗಲ್ ಬಲ್ಬ್ ಒಂದು ಬಗೆ, ಎರಡೂ ತುದಿಯಲ್ಲಿ ಸಂಪರ್ಕವಿರುವ ಬಲ್ಬ್ ಇನ್ನೊಂದು. ಎರಡನೆಯದಕ್ಕೆ ಹೊರಗವಚ ಇರುವುದಿಲ್ಲವಾದ್ದರಿಂದ ಅತಿನೇರಳೆ ನೇರವಾಗಿ ಹೊರಬರುತ್ತದೆ, ಫಿಕ್ಸ್‌ಚರ್‌ನ ರಕ್ಷಣಾ ಗಾಜು ಇಲ್ಲದೆ ಅದನ್ನು ಉರಿಸಲೇಬಾರದು. ಆ ಗಾಜು ಒಡೆದಾಗ ‘ಎರಡು ದಿನ ಹೀಗೇ ಇರಲಿ’ ಎಂದು ಉರಿಸಿದರೆ ಮೇಲಿನ ಹವಳಗಳು ಸುಟ್ಟುಹೋಗುತ್ತವೆ, ನೋಡುವವರ ಕಣ್ಣಿಗೂ ಅಪಾಯ.

ಹ್ಯಾಲೈಡ್‌ನ ಬೆಳಕು ಹುಟ್ಟುವುದು ಬೆರಳ ತುದಿಯಷ್ಟು ಜಾಗದಲ್ಲಿ. ಹಾಗಾಗಿ ಬಿಸಿಲಿನಂತೆ ನೀರಿನ ಅಲೆ ಮರಳಿನ ಮೇಲೆ ಬಲೆಬಲೆಯಾಗಿ ಕುಣಿಯುತ್ತದೆ. ಆದರೆ ಅದರ ಸುತ್ತ ಅಗಲವಾದ ರಿಫ್ಲೆಕ್ಟರ್ ಇರುತ್ತದೆ. ನಲವತ್ತು-ಐವತ್ತು ಸೆಂಟಿಮೀಟರ್ ಅಗಲದ ಒಳ್ಳೆಯ ರಿಫ್ಲೆಕ್ಟರ್ ಒಂದೇ ಕಿಡಿಯನ್ನು ಹತ್ತಾರು ಕೋನಗಳಿಂದ ನೀರಿಗೆ ಇಳಿಸುತ್ತದೆ. ಹ್ಯಾಲೈಡ್ ಕೆಳಗೆ ಅಕ್ರೊಪೊರಾ ಚೆನ್ನಾಗಿ ಬೆಳೆಯುವುದರ ಗುಟ್ಟು ಬಲ್ಬಿನಲ್ಲಿ ಎಷ್ಟಿದೆಯೋ ಅಷ್ಟೇ ಈ ತಗಡಿನಲ್ಲೂ ಇದೆ. ಸಣ್ಣ, ಮಸುಕಾದ ರಿಫ್ಲೆಕ್ಟರ್ ಹಾಕಿದ 400 ವ್ಯಾಟ್‌ಗಿಂತ ಅಗಲ ರಿಫ್ಲೆಕ್ಟರ್‌ನ 250 ವ್ಯಾಟ್ ಎಷ್ಟೋ ವಾಸಿ.

ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಅಂಕಿ ಹೆಚ್ಚಿದಂತೆ ಬೆಳಕು ನೀಲಿಯಾಗುತ್ತದೆ, ಪಾರ್ ಇಳಿಯುತ್ತದೆ. ಅದೇ ವ್ಯಾಟಿನಲ್ಲಿ 10,000 ಕೆಲ್ವಿನ್ ಬಲ್ಬ್ ಬೆಳವಣಿಗೆಗೆ ಹೆಚ್ಚು ಕೊಡುತ್ತದೆ, 20,000ದ್ದು ಬಣ್ಣ ಕಾಣಿಸಲು ಹೆಚ್ಚು. 14,000 ನಡುವಿನ ರಾಜಿ. ಚೋಕ್ ಮತ್ತು ಬಲ್ಬ್ ಜೋಡಿ ಸರಿಯಿರಬೇಕು: ಎರಡು ತುದಿಯ 250 ವ್ಯಾಟ್ ಬಲ್ಬಿಗೆಂದೇ ಇರುವ ಎಂ80 ಚೋಕಿಗೆ ಮೊಗಲ್ ಬಲ್ಬ್ ಸಿಕ್ಕಿಸಿದರೆ ಅದು ಮಿತಿಮೀರಿ ಉರಿದು ಬೇಗ ಸಾಯುತ್ತದೆ.

ತೊಂದರೆಗಳು ಗೊತ್ತಿದ್ದವೇ. ಉರಿದು ಪೂರ್ಣ ಬೆಳಕಿಗೆ ಬರಲು ಕೆಲವು ನಿಮಿಷ ಬೇಕು, ಕರೆಂಟ್ ಒಂದು ಕ್ಷಣ ಹೋಗಿ ಬಂದರೆ ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ಹತ್ತು-ಹದಿನೈದು ನಿಮಿಷ. ಮಂದ ಮಾಡುವ ಸೌಲಭ್ಯ ಇಲ್ಲವೆಂದೇ ಹೇಳಬೇಕು. 9ರಿಂದ 12 ತಿಂಗಳಿಗೆ ಬಲ್ಬ್ ಬದಲಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಶಾಖ. ನೀರು 25ರಿಂದ 27 ಡಿಗ್ರಿ ನಡುವೆ ನಿಲ್ಲಬೇಕಾದಲ್ಲಿ ಎರಡು ಹ್ಯಾಲೈಡ್‌ಗಳು ಅದನ್ನು ಸುಲಭವಾಗಿ ಮೀರಿಸುತ್ತವೆ. ಫ್ಯಾನೋ ನೀರು ತಂಪಾಗಿಸುವ ಚಿಲ್ಲರೋ ಜೊತೆಗೆ ಬೇಕು, ಅದರ ವಿದ್ಯುತ್ತನ್ನೂ ದೀಪದ ಖಾತೆಗೇ ಬರೆಯಬೇಕು.

ಟಿ5 ಟ್ಯೂಬ್

ನೆರಳಿನ ಪ್ರಶ್ನೆಗೆ ಅತ್ಯಂತ ನೇರ ಉತ್ತರ ಇದು. 16 ಮಿಲಿಮೀಟರ್ ದಪ್ಪದ ಎಂಟು ಟ್ಯೂಬ್‌ಗಳು ಟ್ಯಾಂಕಿನ ಉದ್ದಕ್ಕೂ ಸಾಲಾಗಿ ಮಲಗಿದರೆ ಟ್ಯಾಂಕಿನ ಮೇಲೆ ಒಂದು ಬೆಳಕಿನ ಚಾವಣಿಯೇ ಆಗುತ್ತದೆ. ಕವಲಿನ ಅಡಿಬದಿಗೂ ಯಾವುದೋ ಒಂದು ಟ್ಯೂಬಿನ ಬೆಳಕು ಓರೆಯಾಗಿ ತಲುಪುತ್ತದೆ. ಅಲೆಗಳ ಕುಣಿತ ಮಾತ್ರ ಇರುವುದಿಲ್ಲ, ಮೋಡ ಮುಚ್ಚಿದ ಹಗಲಿನಂತೆ ಸಪ್ಪೆ. ಹವಳಕ್ಕೆ ಅದರ ಬೇಸರವಿಲ್ಲ.

ಹವಳಕ್ಕೆ ಬೇಕಿರುವುದು ಹೆಚ್ಚು ಬೆಳಕು ಕೊಡುವ ಹೈ ಔಟ್‌ಪುಟ್ ಬಗೆ. ಉದ್ದ ಮತ್ತು ವ್ಯಾಟ್ ಒಂದಕ್ಕೊಂದು ಕಟ್ಟಿಹಾಕಿಕೊಂಡಿವೆ: 24 ವ್ಯಾಟಿನದು ಸುಮಾರು 55 ಸೆಂಟಿಮೀಟರ್, 39ರದು 85, 54ರದು 115, 80ರದು 145. ಪ್ರತಿ ಟ್ಯೂಬಿಗೂ ತನ್ನದೇ ಬಾಗಿದ ರಿಫ್ಲೆಕ್ಟರ್ ಇರಲೇಬೇಕು. ಎಲ್ಲ ಟ್ಯೂಬ್‌ಗಳ ಹಿಂದೆ ಒಂದೇ ಚಪ್ಪಟೆ ಬಿಳಿ ತಗಡು ಇರುವ ಅಗ್ಗದ ಫಿಕ್ಸ್‌ಚರ್‌ನಲ್ಲಿ ಮೇಲಕ್ಕೆ ಹೊರಟ ಬೆಳಕು ಪಕ್ಕದ ಟ್ಯೂಬಿಗೇ ಬಡಿದು ವ್ಯರ್ಥವಾಗುತ್ತದೆ. ಅಂಥ ಎಂಟು ಟ್ಯೂಬಿನದಕ್ಕಿಂತ ಒಳ್ಳೆಯ ಆರು ಟ್ಯೂಬಿನದು ಮೇಲು.

ಎಂಟು ಟ್ಯೂಬಿಗೆ ಒಂದು ಹೊಂದಾಣಿಕೆ ಹೇಳುವುದಾದರೆ, ಎಟಿಐ ಕಂಪನಿಯ ಹೆಸರುಗಳಲ್ಲಿ: ನಾಲ್ಕು ಬ್ಲೂ ಪ್ಲಸ್, ಎರಡು ಕೋರಲ್ ಪ್ಲಸ್, ಒಂದು ಪರ್ಪಲ್ ಪ್ಲಸ್, ಒಂದು ಆಕ್ಟಿನಿಕ್. ಪಾರ್‌ನ ಬಹುಪಾಲು ಬರುವುದು ಬ್ಲೂ ಪ್ಲಸ್‌ನಿಂದ. ಆಕ್ಟಿನಿಕ್ 420ರ ನೇರಳೆ ಕೊಡುತ್ತದೆ, ಮೀಟರ್‌ನಲ್ಲಿ ಅದರ ಪಾಲು ಕಡಿಮೆ, ಎರಡಕ್ಕಿಂತ ಹೆಚ್ಚು ಹಾಕಿದರೆ ಟ್ಯಾಂಕ್ ಮಂಕಾಗುತ್ತದೆ. ಬಿಳಿ ಬೆಳಕಿನ ಕೋರಲ್ ಪ್ಲಸ್ ಟ್ಯೂಬ್‌ಗಳನ್ನು ನಡುವೆ ಇಡಿ. ಅಂಚಿನಲ್ಲಿಟ್ಟರೆ ಮುಂಭಾಗ ಒಂದು ಬಣ್ಣ, ಹಿಂಭಾಗ ಇನ್ನೊಂದು ಬಣ್ಣ ಕಾಣುತ್ತದೆ.

ಟಿ5 ಬಗ್ಗೆ ಬಹಳ ಜನ ತಪ್ಪು ಮಾಡುವುದು ತಂಪಿನ ವಿಷಯದಲ್ಲಿ. ಈ ಟ್ಯೂಬ್ ತನ್ನ ಸುತ್ತಲಿನ ಗಾಳಿ 35 ಡಿಗ್ರಿ ಇರುವಾಗ ಅತಿ ಹೆಚ್ಚು ಬೆಳಕು ಕೊಡುವಂತೆ ತಯಾರಾಗಿದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿ ತುಂಬಿಕೊಂಡರೆ ಬೆಳಕು ಇಳಿಯುತ್ತದೆ, ಟ್ಯೂಬ್ ಬೇಗ ಮುಪ್ಪಾಗುತ್ತದೆ. ಹಾಗೆಂದು ಫ್ಯಾನನ್ನು ನೇರ ಟ್ಯೂಬಿಗೇ ಊದಿಸಿದರೂ ಬೆಳಕು ಇಳಿಯುತ್ತದೆ. ಪೆಟ್ಟಿಗೆಯೊಳಗಿನ ಬಿಸಿಗಾಳಿಯನ್ನು ಮೆಲ್ಲಗೆ ಹೊರಗೆಳೆಯುವಂತೆ ಫ್ಯಾನ್ ಕೂರಿಸುವುದು ಸರಿ.

ಟ್ಯೂಬ್‌ಗಳ ಆಯಸ್ಸು 9ರಿಂದ 12 ತಿಂಗಳು. ಆಮೇಲೂ ಉರಿಯುತ್ತಲೇ ಇರುತ್ತವೆ, ಆದರೆ ನೀಲಿ ಬತ್ತಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಕಿದ ದಿನ ಟ್ಯೂಬಿನ ಕೊನೆಯ ಲೋಹದ ಟೋಪಿಯ ಮೇಲೆ ಮಾರ್ಕರ್‌ನಿಂದ ತಾರೀಖು ಬರೆದಿಡಿ. ಎಂಟನ್ನೂ ಒಂದೇ ದಿನ ಬದಲಿಸಿದರೆ ಸೊರಗಿದ ಬೆಳಕಿಗೆ ಒಗ್ಗಿದ ಹವಳಕ್ಕೆ ಹಠಾತ್ತನೆ ಏಟು ಬೀಳುತ್ತದೆ. ವಾರಕ್ಕೆ ಎರಡರಂತೆ ಬದಲಿಸಿ, ನಾಲ್ಕು ವಾರದಲ್ಲಿ ಮುಗಿಯುತ್ತದೆ. ತೆಗೆಯುವಾಗ ಪಿನ್ನುಗಳನ್ನೊಮ್ಮೆ ನೋಡಿ: ಕಂದಾಗಿ ಸುಟ್ಟ ಗುರುತಿದ್ದರೆ ಹೋಲ್ಡರ್ ಸಡಿಲವಾಗಿ ಕಿಡಿ ಹಾರಿದೆ, ಇಲ್ಲವೇ ಉಪ್ಪಿನ ತೇವ ಒಳಹೊಕ್ಕಿದೆ ಎಂದರ್ಥ. ಹೊಸ ಟ್ಯೂಬ್ ಹಾಕಿದರೂ ಅದೇ ಗತಿ, ಹೋಲ್ಡರನ್ನೇ ಬದಲಿಸಬೇಕು.

ಟಿ5ಗೆ ಇರುವ ದೊಡ್ಡ ಪ್ರಶ್ನೆ ಟ್ಯೂಬ್ ಇನ್ನೆಷ್ಟು ದಿನ ಸಿಗುತ್ತದೆ ಎಂಬುದು. ಒಳಗೆ ಪಾದರಸ ಇದೆ. ಪಾದರಸ ಕುರಿತ ಮಿನಮಾಟಾ ಒಪ್ಪಂದದ ದೇಶಗಳು ಸಾಮಾನ್ಯ ಬೆಳಕಿಗೆ ಬಳಸುವ ಉದ್ದ ಫ್ಲೋರೊಸೆಂಟ್ ಟ್ಯೂಬ್‌ಗಳನ್ನು 2027ರ ಹೊತ್ತಿಗೆ ನಿಲ್ಲಿಸಲು 2023ರಲ್ಲಿ ಒಪ್ಪಿಕೊಂಡಿವೆ. ಅಕ್ವೇರಿಯಂ ಟ್ಯೂಬ್‌ಗಳ ಮಾತು ಬೇರೆ ಎಂದುಕೊಂಡರೂ, ಹೊಸದಾಗಿ ಟಿ5 ಫಿಕ್ಸ್‌ಚರ್ ಕೊಳ್ಳುವವರು ಅದಕ್ಕೆ ಹೊಂದುವ ಟ್ಯೂಬ್ ಸಲೀಸಾಗಿ ಸಿಗುತ್ತಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಎಲ್‌ಇಡಿ

ಇವತ್ತು ಹೊಸ ಟ್ಯಾಂಕ್ ಕಟ್ಟುವವರಲ್ಲಿ ಬಹುತೇಕರ ಆಯ್ಕೆ ಇದೇ, ಬಹುತೇಕರು ಎಡವುವುದೂ ಇಲ್ಲೇ. ಎಲ್‌ಇಡಿಯಿಂದ ಹವಳ ಬೆಳೆಯುವುದಿಲ್ಲ ಎಂಬ ಹಳೆಯ ದೂರಿನ ಹಿಂದೆ ಎರಡು ನಿಜವಾದ ಕಾರಣಗಳಿದ್ದವು: ಒಂದು ನೆರಳು, ಇನ್ನೊಂದು ಶೇಕಡಾ ಲೆಕ್ಕದ ಮೋಸ.

ನೆರಳು ಹೇಗೆ? ಎಲ್‌ಇಡಿ ಚಿಪ್ ಲೆನ್ಸ್ ಇಲ್ಲದೆ ಸುಮಾರು 120 ಡಿಗ್ರಿ ಕೋನದಲ್ಲಿ ಬೆಳಕು ಚೆಲ್ಲುತ್ತದೆ. ನೂರಾರು ವ್ಯಾಟಿನ ಚಿಪ್‌ಗಳನ್ನು ಅಂಗೈ ಅಗಲದಲ್ಲಿ ಒತ್ತೊತ್ತಾಗಿ ಕೂರಿಸಿ, ಮೇಲೆ 60 ಡಿಗ್ರಿಯ ಲೆನ್ಸ್ ಹಾಕಿದರೆ ಕೆಳಗೆ ಟಾರ್ಚ್ ಹಿಡಿದಂತಾಗುತ್ತದೆ. ನಡುವೆ 450 ಪಾರ್, ಮೂವತ್ತು ಸೆಂಟಿಮೀಟರ್ ಪಕ್ಕಕ್ಕೆ 90. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗುವುದು ಆ 450. ಹವಳ ಬೆಳೆದು ದೊಡ್ಡದಾದಂತೆ ಮೇಲಿನ ಕವಲುಗಳೇ ಕೆಳಗಿನವಕ್ಕೆ ಕೊಡೆ ಹಿಡಿಯುತ್ತವೆ. ಮೊದಲ ವರ್ಷ ಎಲ್ಲ ಚೆನ್ನಾಗಿದ್ದು ಎರಡನೆಯ ವರ್ಷ ಬುಡ ಬೆಳ್ಳಗಾಗಲು ಶುರುವಾಗುವುದು ಇದರಿಂದಲೇ.

ಮದ್ದು ಸರಳ: ಒಂದು ಜೋರಾದ ದೀಪದ ಬದಲು ಎರಡು-ಮೂರು ದೀಪಗಳನ್ನು ಕಡಿಮೆ ಪ್ರಮಾಣದಲ್ಲಿ ಉರಿಸುವುದು. ತಯಾರಕರು ಒಂದು ದೀಪಕ್ಕೆ 60 ಗುಣಿಸು 60 ಸೆಂಟಿಮೀಟರ್ ಎಂದು ಬರೆದಿದ್ದರೆ ಅಕ್ರೊಪೊರಾ ಟ್ಯಾಂಕಿಗೆ ಅದನ್ನು 40 ಗುಣಿಸು 40 ಎಂದೇ ಓದಿಕೊಳ್ಳಿ. ಲೆನ್ಸ್ ಬಿಚ್ಚುವಂತಿದ್ದರೆ 60ರ ಬದಲು 90 ಅಥವಾ 120 ಡಿಗ್ರಿಯದು ಹಾಕಿ. ಉದ್ದನೆಯ ಎಲ್‌ಇಡಿ ಪಟ್ಟಿಗಳನ್ನು ಮುಂದೊಂದು ಹಿಂದೊಂದು ಸೇರಿಸಿದರೆ ಟ್ಯೂಬಿನ ಗುಣ ಸ್ವಲ್ಪ ಮಟ್ಟಿಗೆ ಬರುತ್ತದೆ. ಡಿಫ್ಯೂಸರ್ ಹಾಳೆ ಹಾಕಿದರೆ ಹತ್ತು-ಇಪ್ಪತ್ತು ಶೇಕಡಾ ಬೆಳಕು ಸೋರಬಹುದು, ಆದರೆ ಹರಡುವಿಕೆ ಸುಧಾರಿಸುತ್ತದೆ, ಮರಳಿನ ಮೇಲೆ ಕೆಂಪು-ಹಸಿರು-ನೀಲಿ ಚುಕ್ಕಿಗಳು ಜಾತ್ರೆಯ ದೀಪದಂತೆ ಓಡಾಡುವುದೂ ನಿಲ್ಲುತ್ತದೆ.

ಶೇಕಡಾ ಲೆಕ್ಕದ ಮೋಸ ಹೀಗೆ: ‘ನೀಲಿ 80, ಬಿಳಿ 20 ಇಟ್ಟಿದ್ದೇನೆ, ನೀವೂ ಇಡಿ’ ಎಂದು ಒಬ್ಬರು ಹೇಳುತ್ತಾರೆ. ಅವರ ದೀಪದಲ್ಲಿ ಒಟ್ಟಿಗೆ ಏರಿಳಿಸುವ ನೀಲಿ ಸಾಲಿಗೆ, ಅಂದರೆ ನೀಲಿ ಚಾನೆಲ್‌ಗೆ 40 ಚಿಪ್, ನಿಮ್ಮದರಲ್ಲಿ 16 ಇರಬಹುದು. ಅವರದು ನೀರಿನಿಂದ 25 ಸೆಂಟಿಮೀಟರ್ ಮೇಲೆ, ನಿಮ್ಮದು 15. ಆ ಅಂಕಿ ಆ ದೀಪಕ್ಕೆ, ಆ ಎತ್ತರಕ್ಕೆ ಮಾತ್ರ ಸೀಮಿತ. ಬೇರೆಯವರಿಂದ ಕೇಳಿ ಪಡೆಯಬೇಕಾದದ್ದು ಪಾರ್ ಅಳತೆ ಮಾತ್ರ.

ಬಣ್ಣದ ವಿಷಯಕ್ಕೆ ಬಂದರೆ, 450ರ ಕಡುನೀಲಿಯೇ ಬೆನ್ನೆಲುಬು. 470ರ ನೀಲಿ, 400ರಿಂದ 425ರ ನೇರಳೆ ಅದಕ್ಕೆ ಜೊತೆ. ಬಿಳಿ ಎಲ್‌ಇಡಿ ಎಂಬುದೂ ಹಳದಿ ಫಾಸ್ಫರ್ ಹೊದ್ದ ನೀಲಿ ಚಿಪ್ಪೇ. ಕೆಂಪು, ಹಸಿರು ಕಣ್ಣಿಗೆ ಬಣ್ಣ ಸಮತೋಲವಾಗಿ ಕಾಣಲೆಂದು ಇರುವುದು, 5ರಿಂದ 10 ಶೇಕಡಾ ಮೀರಬೇಕಿಲ್ಲ. ಹವಳದಲ್ಲಿ ಹೊಳೆಯುವ ಹಸಿರು, ಕಿತ್ತಳೆ ಪ್ರೋಟೀನ್‌ಗಳು ನೀಲಿಯನ್ನು ಹೀರಿ ಬೇರೆ ಬಣ್ಣ ಹೊರಸೂಸುತ್ತವೆ, ಹಾಗಾಗಿ ಬರೀ ನೀಲಿ ಬೆಳಕಿನಲ್ಲಿ ಅವು ಕಣ್ಣು ಕೋರೈಸುತ್ತವೆ. ಅಕ್ರೊಪೊರಾದ ನೇರಳೆ, ಗುಲಾಬಿ ಮೈಬಣ್ಣ ಹಾಗಲ್ಲ. ಬಹುಪಾಲು ಹೊಳೆಯದ ವರ್ಣಕದಿಂದ ಬಂದ ಆ ಬಣ್ಣ ಬಿಳಿ ಬೆಳಕು ಬಿದ್ದರೇ ಕಾಣುವುದು. ಬರೀ ನೀಲಿಯಲ್ಲಿ ಇಟ್ಟುಕೊಂಡು ‘ನೇರಳೆ ಹೋಯಿತು’ ಎಂದು ಕೊರಗುವವರು ಹತ್ತು ನಿಮಿಷ ಬಿಳಿ ಚಾನೆಲ್ ಏರಿಸಿ ನೋಡಬೇಕು. ಬಣ್ಣ ಅಲ್ಲೇ ಇರುತ್ತದೆ.

ಐವತ್ತು ಸಾವಿರ ಗಂಟೆ ಬಾಳಿಕೆ ಎಂಬ ಮಾತನ್ನು ಚಿಪ್‌ಗೆ ಮಾತ್ರ ಅನ್ವಯಿಸಿ. ಮೊದಲು ಕೈಕೊಡುವುದು ಫ್ಯಾನ್. ಧೂಳು, ಉಪ್ಪು ಹಿಡಿದು ಫ್ಯಾನ್ ನಿಧಾನವಾದರೆ ದೀಪ ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ, ಆ್ಯಪ್‌ನಲ್ಲಿ ಮಾತ್ರ ಅದೇ ಅಂಕಿ ಕಾಣುತ್ತಿರುತ್ತದೆ. ಚಿಪ್‌ಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದು ಚಿಪ್‌ನ ಸಂಪರ್ಕ ಕಡಿದರೆ ಆ ಸಾಲೇ ಆರುತ್ತದೆ. ನೇರಳೆ ಸಾಲು ಆರಿದರೆ ಕಣ್ಣಿಗೆ ಗೊತ್ತಾಗುವುದೂ ಕಷ್ಟ. ತಿಂಗಳಿಗೊಮ್ಮೆ ಒಂದೊಂದೇ ಚಾನೆಲ್ ಮಾತ್ರ ಉರಿಸಿ, ದೀಪದ ಕೆಳಗೆ ಬಿಳಿ ಕಾಗದ ಹಿಡಿದು ನೋಡಿ. ಚಿಪ್‌ಗಳನ್ನು ನೇರವಾಗಿ ದಿಟ್ಟಿಸಬೇಡಿ, ಈ ನೀಲಿ ಅಕ್ಷಿಪಟಲಕ್ಕೆ ಒಳ್ಳೆಯದಲ್ಲ.

ಒಂದೇ ಟ್ಯಾಂಕಿಗೆ ಮೂರು ದೀಪ

120 ಸೆಂಟಿಮೀಟರ್ ಉದ್ದ, 60 ಅಗಲ, 50 ಎತ್ತರದ ಟ್ಯಾಂಕ್ ತೆಗೆದುಕೊಳ್ಳೋಣ. ಮೇಲಿನ ಕಲ್ಲುಗಳ ಮೇಲೆ ಅಕ್ರೊಪೊರಾ, ಕೆಳಗೆ ಮರಳಿನ ಮೇಲೆ ದೊಡ್ಡ ಪಾಲಿಪ್‌ನವು.

ಹ್ಯಾಲೈಡ್ ಆದರೆ 250 ವ್ಯಾಟಿನವು ಎರಡು, ನೀರಿನಿಂದ 25 ಸೆಂಟಿಮೀಟರ್ ಮೇಲೆ. ಚೋಕಿನ ನಷ್ಟ ಸೇರಿ ಸುಮಾರು 570 ವ್ಯಾಟ್, ದಿನಕ್ಕೆ 8 ಗಂಟೆಗೆ ನಾಲ್ಕೂವರೆ ಯೂನಿಟ್. ಟಿ5 ಆದರೆ 54 ವ್ಯಾಟಿನ ಎಂಟು, 15ರಿಂದ 20 ಸೆಂಟಿಮೀಟರ್ ಎತ್ತರದಲ್ಲಿ. ಸುಮಾರು 460 ವ್ಯಾಟ್, 9 ಗಂಟೆಗೆ ನಾಲ್ಕು ಯೂನಿಟ್ ಚಿಲ್ಲರೆ. ಎಲ್‌ಇಡಿ ಆದರೆ ತಲಾ ನೂರು ವ್ಯಾಟಿನ ಆಸುಪಾಸಿನವು ಮೂರು, ಸರಾಸರಿ 200 ವ್ಯಾಟ್ ಎಳೆಯುವಂತೆ ತಗ್ಗಿಸಿ, ಪೂರ್ಣ ಬೆಳಕಿನ 8 ಗಂಟೆಯ ಲೆಕ್ಕಕ್ಕೆ 1.6 ಯೂನಿಟ್. ಇಲ್ಲಿ ಎಲ್‌ಇಡಿ ಗೆದ್ದಿತು ಎಂದು ಎದ್ದು ಹೋಗಬೇಡಿ. ಚಳಿಗಾಲದಲ್ಲಿ ಹ್ಯಾಲೈಡ್ ಕೊಡುತ್ತಿದ್ದ ಶಾಖವನ್ನು ಇನ್ನು ಹೀಟರ್ ಕೊಡಬೇಕು. ಸೆಖೆಗಾಲದಲ್ಲಿ ಮಾತ್ರ ಉಳಿತಾಯ ಇಮ್ಮಡಿ, ಏಕೆಂದರೆ ಚಿಲ್ಲರ್‌ಗೂ ಬಿಡುವು.

ಅಕ್ರೊಪೊರಾ ಇಲ್ಲದ ಟ್ಯಾಂಕಾದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಯೇ ಇಲ್ಲ. ಎರಡು ಎಲ್‌ಇಡಿ, ಅಗಲ ಲೆನ್ಸ್, ಮರಳಿನ ಮೇಲೆ 80 ಪಾರ್. ಮುಗಿಯಿತು.

ನನ್ನ ಒಲವು ಕೇಳಿದರೆ, ಕವಲು ಹವಳಗಳ ಈ ಅಳತೆಯ ಟ್ಯಾಂಕಿಗೆ ನಾಲ್ಕು ಟಿ5 ನಡುವೆ ಎರಡು-ಮೂರು ಎಲ್‌ಇಡಿ ಕೂರಿಸುವ ಜೋಡಿ. ಟ್ಯೂಬ್ ನೆರಳು ತುಂಬುತ್ತದೆ, ಎಲ್‌ಇಡಿ ಹೊಳಪು ಮತ್ತು ಬೆಳಗು-ಸಂಜೆ ಕೊಡುತ್ತದೆ. ಟ್ಯೂಬ್ ಸಿಗದ ಕಡೆ ಅದೇ ಜಾಗಕ್ಕೆ ಉದ್ದನೆಯ ಎಲ್‌ಇಡಿ ಪಟ್ಟಿ.

ಅಳೆಯುವುದು ಹೇಗೆ

ನೀರಿನಲ್ಲಿ ಮುಳುಗಿಸುವ ಪಾರ್ ಮೀಟರ್ ಒಂದು ವಾರಾಂತ್ಯಕ್ಕೆ ಎರವಲು ಸಿಕ್ಕರೂ ಸಾಕು. ಅಪೋಜಿ ಎಂಕ್ಯೂ-510 ಥರದ್ದು ಪೂರ್ತಿ ವರ್ಣಪಟಲ ಓದುತ್ತದೆ, ನೀರೊಳಗೆ ಸೆನ್ಸರ್ ಕಡಿಮೆ ತೋರಿಸುವ ದೋಷವನ್ನೂ ತಾನೇ ಸರಿಪಡಿಸಿಕೊಳ್ಳುತ್ತದೆ. ಹಳೆಯ ಮಾದರಿಯ ಸೆನ್ಸರ್‌ಗಳು ಕಡುನೀಲಿಯನ್ನು ಕಡಿಮೆ ತೋರಿಸುತ್ತವೆ. ಅದನ್ನು ನಂಬಿ ಎಲ್‌ಇಡಿ ಏರಿಸಿದರೆ ಅಪಾಯ.

ಮೊದಲು ದೀಪದ ಲೆನ್ಸ್, ಗಾಜು ಒರೆಸಿ. ಅರ್ಧ ಗಂಟೆ ಪೂರ್ಣ ಬೆಳಕಿನಲ್ಲಿ ಉರಿಯಲು ಬಿಡಿ. ಟ್ಯಾಂಕಿನ ಉದ್ದ-ಅಗಲವನ್ನು 15 ಸೆಂಟಿಮೀಟರ್ ಚೌಕಗಳಾಗಿ ಕಾಗದದ ಮೇಲೆ ಬರೆದುಕೊಂಡು ಮೂರು ಆಳಗಳಲ್ಲಿ ಅಳೆಯಿರಿ: ಮೇಲಿನ ಕಲ್ಲಿನ ತುದಿ, ನಡು, ಮರಳು. ಪಂಪ್ ಆಫ್ ಮಾಡಿ ಒಮ್ಮೆ, ಓಡುತ್ತಿರುವಾಗ ಒಮ್ಮೆ. ಅಲೆ ಇರುವಾಗ ಅಂಕಿ ಹಾರಾಡುತ್ತದೆ, ಹತ್ತು ಸೆಕೆಂಡಿನ ಸರಾಸರಿ ತೆಗೆಯಿರಿ. ಸೆನ್ಸರ್ ಸಮತಟ್ಟಾಗಿರಬೇಕು, ನಿಮ್ಮ ಕೈಯ ನೆರಳು ಅದರ ಮೇಲೆ ಬೀಳಬಾರದು. ಕೊನೆಗೆ, ಹೆಚ್ಚಿನವರು ಬಿಟ್ಟುಬಿಡುವ ಅಳತೆ: ಕಲ್ಲಿನ ಚಾಚಿನ ಕೆಳಗೆ, ದೊಡ್ಡ ಹವಳದ ನೆರಳಲ್ಲಿ ಸೆನ್ಸರ್ ಇಟ್ಟು ನೋಡಿ. ಮೇಲಿನ ಅಂಕಿಯ ಮೂರರಲ್ಲಿ ಒಂದು ಭಾಗವಾದರೂ ಅಲ್ಲಿ ಸಿಕ್ಕರೆ ಹರಡುವಿಕೆ ಚೆನ್ನಾಗಿದೆ. ಹತ್ತರಲ್ಲಿ ಒಂದಾದರೆ ಯಾವ ಬಣ್ಣದ ಚಾನೆಲ್ ತಿರುಗಿಸಿದರೂ ಬುಡ ಉಳಿಯುವುದು ಕಷ್ಟ. ಈ ಮೂರರ ಲೆಕ್ಕ ಕೈಯಳತೆಯ ನಿಯಮ ಅಷ್ಟೇ, ಆದರೆ ದೀಪ ಆರಿಸುವಾಗ ಕೆಲಸಕ್ಕೆ ಬರುತ್ತದೆ.

ಪಾರ್ ಜೊತೆ ಗಂಟೆಯನ್ನೂ ಗುಣಿಸಿ. 250 ಪಾರ್ 8 ಗಂಟೆ ಬಿದ್ದರೆ ದಿನಕ್ಕೆ 7.2 ಮೋಲ್. 180 ಪಾರ್ 11 ಗಂಟೆ ಬಿದ್ದರೆ 7.1. ಒಟ್ಟು ಹೆಚ್ಚುಕಡಿಮೆ ಒಂದೇ, ಹವಳಕ್ಕೆ ಎರಡನೆಯದು ಸುರಕ್ಷಿತ. ಬೆಳಿಗ್ಗೆ ಮೂರು ಗಂಟೆ ಏರಿ, ನಾಲ್ಕು ಗಂಟೆ ಪೂರ್ತಿ ಉರಿದು, ಮೂರು ಗಂಟೆ ಇಳಿಯುವ ಎಲ್‌ಇಡಿಗೆ ಪೂರ್ಣ ಬೆಳಕಿನ ಲೆಕ್ಕ 10 ಗಂಟೆ ಅಲ್ಲ, 7.

ದೀಪ ಬದಲಿಸುವಾಗ

ಹಳೆಯ ದೀಪದ ಅಳತೆಯನ್ನು ಬರೆದಿಟ್ಟುಕೊಳ್ಳದೆ ಅದನ್ನು ಕೆಳಗಿಳಿಸಬೇಡಿ. ಹೊಸ ದೀಪವನ್ನು ಆ ಪಾರ್‌ನ 60-70 ಶೇಕಡಾದಲ್ಲಿ ಶುರು ಮಾಡಿ, ವಾರಕ್ಕೆ ಐದು ಶೇಕಡಾದಂತೆ ಏರಿಸುತ್ತ ಆರರಿಂದ ಎಂಟು ವಾರದಲ್ಲಿ ಹಳೆಯ ಮಟ್ಟಕ್ಕೆ ಬನ್ನಿ. ಏರಿಸಿದ ದಿನವೇ ಹವಳ ಚೆನ್ನಾಗಿದೆ ಎಂದು ಇನ್ನಷ್ಟು ಏರಿಸಬಾರದು. ಬೆಳಕಿನ ಪೆಟ್ಟು ಕಾಣಿಸಿಕೊಳ್ಳಲು ಕೆಲವೊಮ್ಮೆ ಒಂದು ವಾರವೇ ಹಿಡಿಯುತ್ತದೆ.

ಹ್ಯಾಲೈಡ್‌ನಿಂದ ಎಲ್‌ಇಡಿಗೆ ಬಂದವರು ‘ದೀಪ ಬದಲಿಸಿದ ಮೇಲೆ ಹವಳ ಸಾಯುತ್ತಿದೆ’ ಎಂದಾಗ ಬೆಳಕಿಗಿಂತ ಮೊದಲು ಆವಿಯನ್ನು ವಿಚಾರಿಸಬೇಕು. ಬಹಳ ಟ್ಯಾಂಕ್‌ಗಳಲ್ಲಿ ಆವಿಯಾದ ನೀರಿನ ಬದಲು ಸೇರುವುದು ಕಾಲ್ಕ್‌ವಾಸರ್, ಅಂದರೆ ಸುಣ್ಣದ ತಿಳಿನೀರು. ಕ್ಯಾಲ್ಸಿಯಂ, ಕ್ಷಾರತೆ ಎರಡೂ ಅದರಿಂದಲೇ ಪೂರೈಕೆ. ಹ್ಯಾಲೈಡ್ ಇದ್ದಾಗ ದಿನಕ್ಕೆ 6 ಲೀಟರ್ ಆವಿಯಾಗುತ್ತಿತ್ತು, ಎಲ್‌ಇಡಿ ಬಂದ ಮೇಲೆ 3.5 ಲೀಟರ್ ಎಂದುಕೊಳ್ಳಿ. ಸುಣ್ಣ ಪೂರ್ತಿ ತುಂಬಿದ ತಿಳಿನೀರು ಲೀಟರಿಗೆ ಸುಮಾರು 41 ಮಿಲಿ ಇಕ್ವಿವಲೆಂಟ್ ಕ್ಷಾರತೆ ಕೊಡುತ್ತದೆ. ಎರಡೂವರೆ ಲೀಟರ್ ಖೋತಾ ಎಂದರೆ 102. ಒಟ್ಟು 350 ಲೀಟರ್ ನೀರಿದ್ದರೆ ದಿನಕ್ಕೆ 0.8 ಡಿಕೆಎಚ್ (ಕ್ಷಾರತೆ ಅಳೆಯುವ ಡಿಗ್ರಿ) ಕೊರತೆ. ನಾಲ್ಕು ದಿನದಲ್ಲಿ ಮೂರು ಡಿಗ್ರಿ ಕುಸಿತ, ಅಕ್ರೊಪೊರಾದ ತುದಿ ಸುಡಲು, ಬುಡ ಸುಲಿಯಲು ಅಷ್ಟು ಧಾರಾಳ ಸಾಕು. ದೂರು ಬರುವುದು ಎಲ್‌ಇಡಿಯ ಮೇಲೆ. ದೀಪ ಬದಲಿಸಿದ ಮೊದಲ ಎರಡು ವಾರ ಪ್ರತಿದಿನ ಒಂದೇ ಹೊತ್ತಿಗೆ ಕ್ಷಾರತೆ ಪರೀಕ್ಷಿಸಿ.

ಆ ಪರೀಕ್ಷೆಗೆ ಇನ್ನೊಂದು ಉಪಯೋಗವೂ ಇದೆ. ಬೆಳಕು ಹೆಚ್ಚಾದರೆ ಹವಳ ಅಸ್ಥಿ ಕಟ್ಟುವ ವೇಗ ಹೆಚ್ಚುತ್ತದೆ, ಕ್ಷಾರತೆ ಖರ್ಚಾಗುತ್ತದೆ. ಹಾಕುವ ಪ್ರಮಾಣ ಅಷ್ಟೇ ಇದ್ದು ದಿನದ ಬಳಕೆ 1.0ರಿಂದ 1.4 ಡಿಕೆಎಚ್‌ಗೆ ಏರಿದರೆ ಹೊಸ ಬೆಳಕು ಹಿಡಿಸಿದೆ. ಬಳಕೆ ಹಠಾತ್ತನೆ ನಿಂತರೆ ಬೆಳವಣಿಗೆ ನಿಂತಿದೆ, ಬಣ್ಣ ಮಾಸುವುದಕ್ಕೂ ಮೊದಲೇ ಸುಳಿವು ಸಿಗುತ್ತದೆ. ಆಗ ಒಂದು ಹೆಜ್ಜೆ ಹಿಂದೆ ಬನ್ನಿ.

ಲಕ್ಷಣಗಳನ್ನು ತಿರುವುಮುರುವಾಗಿ ಓದುವುದು ಸಾಮಾನ್ಯ. ಹವಳ ಕಂದಾದರೆ ಬೆಳಕು ಸಾಲದಿರಬಹುದು, ನೈಟ್ರೇಟ್-ಫಾಸ್ಫೇಟ್ ಹೆಚ್ಚಾಗಿರಲೂಬಹುದು. ಮಸುಕಾದರೆ ಬೆಳಕು ಹೆಚ್ಚಿರಬಹುದು, ಅಥವಾ ನೀರಿನಲ್ಲಿ ಪೋಷಕಾಂಶ ಸೊನ್ನೆಗೆ ಇಳಿದು ಪಾಚಿಗೆ ಹಸಿವಾಗಿರಬಹುದು. ಸೊನ್ನೆ ಪೋಷಕಾಂಶ ಮತ್ತು ಜೋರು ಬೆಳಕು ಒಟ್ಟಿಗೆ ಇರುವುದೇ ಅತಿ ಕೆಟ್ಟ ಜೋಡಿ. ಬೆಳಕಿನಿಂದಲೇ ಆದ ಸುಡುವಿಕೆಗೆ ಒಂದು ಗುರುತಿದೆ: ದೀಪಕ್ಕೆ ಎದುರಾದ ಮೈ ಮಾತ್ರ ಬಿಳಿಚಿರುತ್ತದೆ, ನೆರಳಿನ ಬದಿ ಚೆನ್ನಾಗಿರುತ್ತದೆ. ನೀರಿನ ದೋಷಕ್ಕೆ ಬಿಸಿಲು-ನೆರಳಿನ ಭೇದವಿಲ್ಲ. ಝೋವಾಂಥಿಡ್ ಎಂಬ ಹವಳದ ಮೆತ್ತನೆಯ ಬಂಧುಗಳು ಕತ್ತು ಉದ್ದ ಮಾಡಿ ಮೇಲಕ್ಕೆ ಚಾಚಿದರೆ ಬೆಳಕಿಗಾಗಿ ಹುಡುಕಾಟ. ದೊಡ್ಡ ಪಾಲಿಪ್‌ನವು ಹಗಲಿಡೀ ಮುದುಡಿ ಕೂತು ದೀಪ ಆರಿದ ಮೇಲೆ ಅರಳಿದರೆ ಬೆಳಕು ಜಾಸ್ತಿ, ಅಂಥದ್ದನ್ನು ಎತ್ತಿ ಕೆಳಗಿಡಿ, ಇಡೀ ಟ್ಯಾಂಕಿನ ದೀಪ ತಗ್ಗಿಸಬೇಕಿಲ್ಲ.

ದೀಪ ಯಾವುದೇ ಇರಲಿ, ವೈರ್ ಪ್ಲಗ್‌ಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರುವಂತೆ ಬಿಡಿ. ವೈರ್ ಹಿಡಿದು ಇಳಿದ ಉಪ್ಪುನೀರು ಆ ಬಾಗಿನಲ್ಲೇ ತೊಟ್ಟಿಕ್ಕಬೇಕು, ಸಾಕೆಟ್ ಒಳಗೆ ಹೋಗಬಾರದು. ಟ್ಯಾಂಕಿನ ಎಲ್ಲ ಸಾಕೆಟ್‌ಗಳೂ ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಹಿಂದೆಯೇ ಇರಲಿ. ಪಂಪ್ ಎಬ್ಬಿಸುವ ಸಣ್ಣ ಗುಳ್ಳೆಗಳು ಒಡೆದು ಹಾರುವ ಉಪ್ಪು ವಾರದೊಳಗೆ ದೀಪದ ಗಾಜಿನ ಮೇಲೆ ಮಬ್ಬು ಪದರ ಕಟ್ಟುತ್ತದೆ. ದೀಪ ಆರಿ ತಣ್ಣಗಾದ ಮೇಲೆ ಶುದ್ಧ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ. ಬಹಳ ದಿನದಿಂದ ಒರೆಸದೇ ಬಿಟ್ಟಿದ್ದರೆ, ಒರೆಸಿದ ಮರುದಿನ ದೀಪವನ್ನು ಹತ್ತು ಶೇಕಡಾ ತಗ್ಗಿಸಿಯೇ ಉರಿಸಿ.